ದಾವಣಗೆರೆಯಲ್ಲಿ ಮನೆಗೊಂದು ಬ್ರೆಡ್ ಮೆಷಿನ್ ಬೇಕಾ?

ವಾರಕ್ಕೆ ಎರಡು ಮೂರು ಬ್ರೆಡ್ ಖಾಲಿಯಾಗುವ ಮನೆಯಾದರೆ ಕೊಳ್ಳಿ. ಯಾರಿಗಾದರೂ ಜ್ವರ ಬಂದಾಗ ಮಾತ್ರ ಬ್ರೆಡ್ ತರುವ ಮನೆಯಾದರೆ ಬೇಡ. ಬೆಳಿಗ್ಗೆ ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ ಮಿರ್ಚಿ ಇರುವ ನಮ್ಮೂರಲ್ಲಿ ಎರಡನೇ ಥರದ ಮನೆಗಳೇ ಜಾಸ್ತಿ, ಅಲ್ವಾ?

ಮೆಷಿನ್ ಉಳಿಸುವುದು ದುಡ್ಡಿಗಿಂತ ಹೆಚ್ಚಾಗಿ ಕೈಕೆಲಸವನ್ನು. ಹಿಟ್ಟು, ನೀರು, ಉಪ್ಪು, ಯೀಸ್ಟ್ ಹಾಕಿ ಬಟನ್ ಒತ್ತಿದರೆ ಒಳಗಿನ ಪುಟ್ಟ ರೆಕ್ಕೆ ನಾದುತ್ತದೆ. ಹಿಟ್ಟು ಉಬ್ಬುವುದು, ಬೇಯುವುದು ಎಲ್ಲ ಅದೇ ಪಾತ್ರೆಯಲ್ಲಿ. ಸಾಮಾನ್ಯವಾಗಿ 3ರಿಂದ 4 ಗಂಟೆ ಹಿಡಿಯುತ್ತದೆ, ನಿಮ್ಮ ಕೆಲಸ ಮಾತ್ರ 10 ನಿಮಿಷ.

ಆದರೆ ಒಂದು ವಿಷಯ. ಮೆಷಿನ್ ನಡೆಯುವುದು ಗಡಿಯಾರ ನೋಡಿ, ಹಿಟ್ಟು ನೋಡಿ ಅಲ್ಲ. ನಮ್ಮ ಏಪ್ರಿಲ್ ಝಳಕ್ಕೆ ಯೀಸ್ಟ್ ಚುರುಕಾಗಿ, ಹಿಟ್ಟು ಹೊತ್ತಿಗೆ ಮುಂಚೆಯೇ ಉಬ್ಬಿಬಿಡುತ್ತದೆ. ಒಳಗಿನ ಗಾಳಿಯನ್ನು ಹಿಡಿದಿಡಲಾಗದೆ, ಬೇಯುವ ಹೊತ್ತಿಗೆ ನಡು ಕುಸಿಯುತ್ತದೆ. ನನ್ನ ಮೊದಲ ಬ್ರೆಡ್ ನಡುವೆ ಗುಂಡಿ ಬಿದ್ದು, ನೀರು ಹಾಕಿದರೆ ನಿಲ್ಲುವ ಹಾಗಿತ್ತು! ಫ್ರಿಜ್ಜಿನ ತಣ್ಣೀರು ಹಾಕಿ, ಯೀಸ್ಟ್ ಕಾಲು ಭಾಗ ಕಡಿಮೆ ಮಾಡಿದ ಮೇಲೆ ಸರಿಹೋಯಿತು.

ಕೊಳ್ಳುವಾಗ ಕರೆಂಟ್ ಬಗ್ಗೆಯೂ ಕೇಳಿ. ಕರೆಂಟ್ ಹೋದರೆ ಎಷ್ಟೋ ಮೆಷಿನ್‌ಗಳು ಕೆಲವು ನಿಮಿಷ ಮಾತ್ರ ನೆನಪಿಟ್ಟುಕೊಂಡು, ಆಮೇಲೆ ಎಲ್ಲ ಮರೆತುಬಿಡುತ್ತವೆ. ಅರ್ಧ ನಾದಿದ ಹಿಟ್ಟು ನಿಮ್ಮ ಪಾಲಿಗೆ. ಅದನ್ನು ನಾನು ಚಪಾತಿ ಮಾಡಿದ್ದೂ ಉಂಟು.