ಓದುಗರ ಪ್ರಶ್ನೆ: ನಡುವೆ ಸರ್ವರ್ ಇಲ್ಲದಿದ್ದರೆ ಯಾರನ್ನು ನಂಬಬೇಕು?

ಪ್ರಶ್ನೆ: ನಾವು ನಾಲ್ಕು ಮಂದಿ ಕೂಡಿ, ಹಾಸ್ಟೆಲ್ಲಿನ ಲ್ಯಾಪ್‌ಟಾಪ್‌ಗಳ ನಡುವೆ ಸರ್ವರ್ ಇಲ್ಲದೆ ಫೈಲು, ಮೆಸೇಜು ಕಳಿಸೋ ಪ್ರಾಜೆಕ್ಟ್ ಮಾಡೇವಿ. ಟಿಎಲ್‌ಎಸ್ (ಸಂಪರ್ಕ ಎನ್‌ಕ್ರಿಪ್ಟ್ ಮಾಡೋ ಪದ್ಧತಿ) ಹಾಕೇವಿ. ಗೈಡ್ ಮೇಡಂ "ನಡುವೆ ಯಾರರ ನಿಂತರ ಹ್ಯಾಂಗ ಗೊತ್ತಾಗ್ತದ?" ಅಂತ ಕೇಳಿದ್ರು. ಎನ್‌ಕ್ರಿಪ್ಷನ್ ಇದ್ದ ಮ್ಯಾಲೆ ಆ ಪ್ರಶ್ನೆ ಯಾಕ ಬರ್ತದ?
— ಅಂತಿಮ ವರ್ಷದ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೇಡಂ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾರೆ. ಬ್ಯಾಂಕಿನ ವೆಬ್‌ಸೈಟಿಗೆ ಸರ್ಟಿಫಿಕೇಟ್ ಕೊಡಲು ಒಂದು ಸಂಸ್ಥೆ ಇರುತ್ತದೆ, ಬ್ರೌಸರ್ ಆ ಸಂಸ್ಥೆಯನ್ನು ನಂಬುತ್ತದೆ. ನಿಮ್ಮ ಗೆಳೆಯನ ಲ್ಯಾಪ್‌ಟಾಪಿಗೆ ಅಂಥದ್ದು ಯಾರೂ ಕೊಟ್ಟಿಲ್ಲ. ಹೀಗಾಗಿ ಇಂಥ ಪ್ರಾಜೆಕ್ಟ್‌ಗಳಲ್ಲಿ ತಾವೇ ಸರ್ಟಿಫಿಕೇಟ್ ತಯಾರಿಸಿ, ಟಿಎಲ್‌ಎಸ್ ಲೈಬ್ರರಿ (ಬಳಸಿಕೊಂಡ ಸಿದ್ಧ ಕೋಡ್) ತಕರಾರು ತೆಗೆದಾಗ ಪರಿಶೀಲನೆಯನ್ನೇ ಬಂದ್ ಮಾಡಿಬಿಡುತ್ತಾರೆ. ಆಗ ಮಾತು ಗುಟ್ಟಾಗಿಯೇ ಹೋಗುತ್ತದೆ, ಯಾರ ಕಿವಿಗೆ ಎಂಬುದು ಮಾತ್ರ ಗೊತ್ತಿರುವುದಿಲ್ಲ. ಅದೇ ವೈಫೈನಲ್ಲಿ ಕೂತವನು ಎಆರ್‌ಪಿಗೆ (ಈ ಐಪಿ ವಿಳಾಸ ಯಾವ ಯಂತ್ರದ್ದು ಎಂದು ನೆಟ್‌ವರ್ಕಿನಲ್ಲಿ ಕೇಳುವ ಪ್ರಶ್ನೆಗೆ) ಸುಳ್ಳು ಉತ್ತರ ಕೊಟ್ಟು ನಡುವೆ ಸೇರಿಕೊಂಡು, ನಿಮ್ಮೊಂದಿಗೆ ಒಂದು ಟಿಎಲ್‌ಎಸ್ ಸಂಪರ್ಕ, ಗೆಳೆಯನೊಂದಿಗೆ ಇನ್ನೊಂದು ಮಾಡಿಕೊಳ್ಳುತ್ತಾನೆ. ಎರಡೂ ಕಡೆ ಬೀಗದ ಚಿತ್ರ ಕಾಣುತ್ತಲೇ ಇರುತ್ತದೆ.

ಪೀರ್-ಟು-ಪೀರ್‌ನಲ್ಲಿ, ಅಂದರೆ ಸರ್ವರ್ ಇಲ್ಲದೆ ಯಂತ್ರಗಳು ನೇರ ಮಾತಾಡುವಲ್ಲಿ, ಹೆಸರಾಗಲಿ ಐಪಿ ವಿಳಾಸವಾಗಲಿ ಗುರುತಲ್ಲ. ಪಬ್ಲಿಕ್ ಕೀಯೇ (ಜೋಡಿ ಕೀಗಳಲ್ಲಿ ಎಲ್ಲರಿಗೂ ಕೊಡಬಹುದಾದದ್ದು) ಗುರುತು. ಪ್ರೋಗ್ರಾಂ ಮೊದಲ ಸಲ ತೆರೆದಾಗ ಎಡ್25519 ಎಂಬ ಡಿಜಿಟಲ್ ಸಹಿ ಪದ್ಧತಿಯ ಕೀ ಜೋಡಿ ಸೃಷ್ಟಿಸಿ. ಪಬ್ಲಿಕ್ ಕೀ ಬರೀ 32 ಬೈಟ್, ಒಂದು ಸಣ್ಣ ಕ್ಯೂಆರ್ ಕೋಡ್‌ನಲ್ಲಿ ಆರಾಮಾಗಿ ಹಿಡಿಸುತ್ತದೆ. ಗೆಳೆಯರು ಎದುರುಬದುರು ಕೂತು ಒಮ್ಮೆ ಸ್ಕ್ಯಾನ್ ಮಾಡಿಕೊಳ್ಳಲಿ. ಮುಂದಿನ ಪ್ರತಿ ಸಂಪರ್ಕದಲ್ಲೂ ಸರ್ಟಿಫಿಕೇಟಿನೊಳಗಿನ ಕೀಯನ್ನು ಉಳಿಸಿಟ್ಟದ್ದರ ಜೊತೆ ಹೋಲಿಸಿ, ಹೊಂದದಿದ್ದರೆ ಕಡಿದುಹಾಕಿ. "ಆದರೂ ಮುಂದುವರಿಯಲೇ?" ಎಂಬ ಬಟನ್ ಮಾತ್ರ ಇಡಬೇಡಿ, ಜನ ಅದನ್ನು ಒತ್ತಿಯೇ ಒತ್ತುತ್ತಾರೆ. ಲಿಬ್‌ಪಿ2ಪಿ ಎಂಬ ಪೀರ್-ಟು-ಪೀರ್ ಲೈಬ್ರರಿಯಲ್ಲಿ ಪೀರ್ ಐಡಿ (ಪ್ರತಿ ಯಂತ್ರದ ಗುರುತು) ಪಬ್ಲಿಕ್ ಕೀಯಿಂದಲೇ ಹುಟ್ಟುತ್ತದೆ. ಸಿಗ್ನಲ್ ಎಂಬ ಮೆಸೇಜ್ ಆ್ಯಪ್ ತೋರಿಸುವ 60 ಅಂಕಿಗಳ ಸಂಖ್ಯೆ ಮಾಡುವುದೂ ಇದೇ ಕೆಲಸ.

ಟಿಎಲ್‌ಎಸ್ ಬಿಟ್ಟು ಸ್ವಂತ ಎನ್‌ಕ್ರಿಪ್ಷನ್ ಬರೆಯುವ ಆಸೆ ಬಂದರೆ ತಡೆದುಕೊಳ್ಳಿ. ಚಾಚಾ20-ಪಾಲಿ1305 ಎಂಬ ಎನ್‌ಕ್ರಿಪ್ಷನ್ ಪದ್ಧತಿಯಲ್ಲಿ ನಾನ್ಸ್ (ಪ್ರತಿ ಸಂದೇಶಕ್ಕೂ ಬೇರೆಯಾಗಿರಬೇಕಾದ ಸಂಖ್ಯೆ) 12 ಬೈಟ್. ಒಂದೇ ಕೀ ಜೊತೆ ಒಂದೇ ನಾನ್ಸ್ ಎರಡು ಸಲ ಬಿದ್ದರೆ ಎರಡೂ ಸಂದೇಶಗಳ ಗುಟ್ಟು ಸಡಿಲವಾಗುತ್ತದೆ, ಸುಳ್ಳು ಸಂದೇಶ ತಯಾರಿಸುವುದಕ್ಕೂ ದಾರಿ ಸಿಗುತ್ತದೆ. ಕೀಯನ್ನು ಡಿಸ್ಕಿನಲ್ಲಿ ಉಳಿಸಿ, ಪ್ರೋಗ್ರಾಂ ಮತ್ತೆ ತೆರೆದಾಗ ನಾನ್ಸಿನ ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡಿದರೆ ಆಗುವುದು ಇದೇ. ಟಿಎಲ್‌ಎಸ್ 1.3 ಮತ್ತು ಅಂಥದೇ ಇನ್ನೊಂದು ಪದ್ಧತಿಯಾದ ನಾಯ್ಸ್ ಪ್ರತಿ ಸಂಪರ್ಕಕ್ಕೂ ಹೊಸ ಕೀ ಮಾಡಿಕೊಳ್ಳುವುದರಿಂದ ಆ ತಂಟೆಯಿಲ್ಲ.

ಪ್ರಶ್ನೆ: ನಮ್ಮ ಡಿಟಿಪಿ ಅಂಗಡಿಯಿಂದ ಪ್ರೆಸ್‌ಗಳಿಗೆ ಪಿಡಿಎಫ್ ನೇರ ಕಳಿಸಲು ಪ್ರೋಗ್ರಾಂ ಬರೆಸಿದ್ದೇವೆ. ಒಮ್ಮೊಮ್ಮೆ ಮೆಮೊರಿ ಪೂರ್ತಿ ತುಂಬಿ ಕಂಪ್ಯೂಟರ್ ನಿಂತೇಬಿಡುತ್ತದೆ. ಇದು ಬರೀ ದೋಷವೋ, ಇದರಿಂದ ಅಪಾಯವೂ ಉಂಟೋ?
— ಡಿಟಿಪಿ ಅಂಗಡಿಯವರು, ಗದಗ-ಬೆಟಗೇರಿ

ಉತ್ತರ: ಎರಡೂ ಹೌದು. "ಮುಂದೆ ಇಷ್ಟು ಬೈಟ್ ಬರಲಿದೆ" ಎಂದು 4 ಬೈಟಿನಲ್ಲಿ ಹೇಳಿಸಿಕೊಂಡು, ಅಷ್ಟೂ ಜಾಗವನ್ನು ಮೊದಲೇ ಕಾದಿರಿಸುವ ಕೋಡ್ ಇದ್ದರೆ ಹೀಗಾಗುತ್ತದೆ. 4 ಬೈಟಿನಲ್ಲಿ ಸುಮಾರು 4 ಜಿಬಿವರೆಗೆ ಹೇಳಬಹುದು. ಕಿಡಿಗೇಡಿ ಆ ನಾಲ್ಕು ಬೈಟನ್ನಷ್ಟೇ ಕಳಿಸಿ ಸುಮ್ಮನಾದರೂ ನಿಮ್ಮ ಯಂತ್ರ ಕೂತುಬಿಡುತ್ತದೆ. ಜಾಗ ಕಾದಿರಿಸುವ ಮೊದಲೇ ಮಿತಿ ನೋಡಿ: ಸಣ್ಣ ಸಂದೇಶಕ್ಕೆ 64 ಕೆಬಿ, ಫೈಲಿನ ತುಣುಕಿಗೆ 16 ಕೆಬಿ ಸಾಕು. ಬಿಟ್‌ಟೊರೆಂಟ್ ಎಂಬ ಫೈಲು ಹಂಚುವ ಪದ್ಧತಿಯಲ್ಲೂ ರೂಢಿ 16 ಕೆಬಿಯೇ, ಅದಕ್ಕಿಂತ ದೊಡ್ಡ ತುಣುಕು ಕೇಳಿದವರ ಸಂಪರ್ಕ ಕಡಿಯುತ್ತಾರೆ. ಸಂಪರ್ಕ ತೆರೆದು 10 ಸೆಕೆಂಡಿನಲ್ಲಿ ಗುರುತು ಹೇಳದವರನ್ನೂ ಹೊರಗೆ ಹಾಕಿ.

ನನಗೆ ಇದಕ್ಕಿಂತ ಹೆಚ್ಚು ಭಯ ಫೈಲಿನ ಹೆಸರಿನದು. ಆ ಕಡೆಯವರು ಕಳಿಸಿದ ಹೆಸರಿನಲ್ಲಿ "../../" (ಮೇಲಿನ ಫೋಲ್ಡರಿಗೆ ಹೋಗು ಎಂಬ ಗುರುತು) ಇದ್ದು, ನೀವು ಅದನ್ನು ಫೋಲ್ಡರಿನ ವಿಳಾಸಕ್ಕೆ ಹಾಗೇ ಅಂಟಿಸಿದರೆ, ಫೈಲು ಸ್ಟಾರ್ಟಪ್ ಫೋಲ್ಡರಿಗೂ ಹೋಗಿ ಕೂರಬಹುದು. ವಿಂಡೋಸ್‌ನಲ್ಲಿ ಹಿಂಬದಿ ಗೆರೆ "\" ಕೂಡ ಅದೇ ಕೆಲಸ ಮಾಡುತ್ತದೆ. ಹಾಗಾಗಿ "/" ಮಾತ್ರ ತಪಾಸಿಸಿ ಬಿಟ್ಟರೆ ಸಾಲದು. ಸುಲಭದ ದಾರಿ: ಡಿಸ್ಕಿನಲ್ಲಿ ನಿಮ್ಮದೇ ಕ್ರಮಸಂಖ್ಯೆಯ ಹೆಸರಿಡಿ, ಅವರು ಕೊಟ್ಟ ಹೆಸರನ್ನು ಪರದೆಯ ಮೇಲೆ ತೋರಿಸಲು ಮಾತ್ರ ಬಳಸಿ. ಕನ್ನಡ ಹೆಸರಿಗೆ ಇನ್ನೊಂದು ತೊಡಕು. "ಕೊ"ದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಅಕ್ಷರವಾಗಿಯೂ ಎರಡು ಚಿಹ್ನೆ ಜೋಡಿಸಿಯೂ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ. ಹೋಲಿಸುವ ಮೊದಲು ಎನ್‌ಎಫ್‌ಸಿ ಎಂಬ ಯೂನಿಕೋಡ್‌ನ ಏಕರೂಪಕ್ಕೆ ತನ್ನಿ.

ಬಂದ ಪ್ರತಿ ತುಣುಕಿನ ಎಸ್‌ಎಚ್‌ಎ-256 ಹ್ಯಾಶ್ (ಮಾಹಿತಿಯಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಸಂಖ್ಯೆ) ತಾಳೆಯಾದ ಮೇಲಷ್ಟೇ ಫೈಲಿಗೆ ಸೇರಿಸಿ, ಹ್ಯಾಶ್‌ಗಳ ಪಟ್ಟಿಗೆ ಕಳಿಸಿದವರ ಸಹಿ ಇರಲಿ. ಹಳೆಯ ಎಸ್‌ಎಚ್‌ಎ-1 ಬೇಡ. 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆಯ ಸಂಶೋಧಕರು ಹ್ಯಾಶ್ ಒಂದೇ, ಪುಟ ಬೇರೆ ಎನ್ನುವಂಥ ಎರಡು ಫೈಲು ತಯಾರಿಸಿ ತೋರಿಸಿದರು. ಅವೂ ಪಿಡಿಎಫ್‌ಗಳೇ!

ನಿಮ್ಮ ಪ್ರೋಗ್ರಾಮಿನ ಸೆಟ್ಟಿಂಗ್ಸ್ ಪುಟ ಬ್ರೌಸರಿನಲ್ಲಿ 127.0.0.1ರಲ್ಲಿ ತೆರೆಯುವಂಥದ್ದಾದರೆ, "ನಮ್ಮ ಕಂಪ್ಯೂಟರಿನಲ್ಲೇ ಇದೆಯಲ್ಲ" ಎಂದು ಮೈಮರೆಯಬೇಡಿ. ಬೇರೆ ಯಾವುದೋ ವೆಬ್‌ಪುಟ ತನ್ನ ಡಿಎನ್‌ಎಸ್ ಹೆಸರನ್ನು 127.0.0.1ಕ್ಕೆ ತಿರುಗಿಸಿ, ನಿಮ್ಮ ಬ್ರೌಸರಿನ ಮೂಲಕವೇ ಆಜ್ಞೆ ಕೊಡಬಹುದು. 2018ರಲ್ಲಿ ಟ್ರಾನ್ಸ್‌ಮಿಷನ್ ಎಂಬ ಟೊರೆಂಟ್ ಸಾಫ್ಟ್‌ವೇರಿನಲ್ಲಿ ಇದೇ ದೋಷ ಬಯಲಾಯಿತು. ಹೋಸ್ಟ್ ಹೆಡರ್ (ಬ್ರೌಸರ್ ಯಾವ ಹೆಸರಿನ ತಾಣವನ್ನು ಕೇಳುತ್ತಿದೆ ಎಂದು ಹೇಳುವ ಸಾಲು) ತಪಾಸಣೆ, ಜೊತೆಗೆ ಪ್ರತಿ ಕೋರಿಕೆಗೂ ಒಂದು ಗುಪ್ತ ಟೋಕನ್, ಇವೆರಡೂ ಬೇಕು.

ಪ್ರಶ್ನೆ: ಮೆಣಸಿನಕಾಯಿ ದರವನ್ನು ವ್ಯಾಪಾರಿಗಳ ಫೋನಿಂದ ಫೋನಿಗೇ ಹಂಚುವ ಆ್ಯಪ್ ಮಾಡಬೇಕೆಂದಿದ್ದೇವೆ. ಹೆಚ್ಚು ಮಂದಿ ಹೇಳಿದ ದರವೇ ಖರೆ ಅಂತ ಇಟ್ಟರೆ ನಡೀತದೇನ್ರಿ?
— ಓದುಗರು, ಬ್ಯಾಡಗಿ

ಉತ್ತರ: ನಡೆಯುವುದಿಲ್ಲ. ಕೀ ಸೃಷ್ಟಿಸಲು ಖರ್ಚಿಲ್ಲ. ಒಬ್ಬನೇ ಕೂತು ಸಾವಿರ "ವ್ಯಾಪಾರಿ"ಗಳನ್ನು ಹುಟ್ಟಿಸಿ ಡಬ್ಬಿ ಮೆಣಸಿನಕಾಯಿಯ ದರ ಇಳಿಸಬಹುದು, ಕಡ್ಡಿಯದು ಏರಿಸಬಹುದು. ಇದಕ್ಕೆ ಸಿಬಿಲ್ ದಾಳಿ ಎನ್ನುತ್ತಾರೆ. ಗುರುತು ಖಾತ್ರಿ ಮಾಡುವ ಅಧಿಕಾರವೊಂದು ಇಲ್ಲದಿದ್ದರೆ ಇದನ್ನು ತಡೆಯುವುದು ವ್ಯವಹಾರದಲ್ಲಿ ಆಗದ ಮಾತು ಎಂದು ಸಂಶೋಧಕ ಜಾನ್ ಡೌಸರ್ 2002ರಲ್ಲೇ ತೋರಿಸಿದ್ದಾರೆ. ನಿಮ್ಮ ಪುಣ್ಯ, ಪೇಟೆಯಲ್ಲಿ ದಲಾಲಿ ಅಂಗಡಿಯವರಿಗೆ ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತು. ಹೊಸಬರ ಕೀಗೆ ಈಗಾಗಲೇ ಇರುವ ಇಬ್ಬರು ಸಹಿ ಹಾಕಿದರೆ ಮಾತ್ರ ಒಳಗೆ ಬಿಡಿ. ಫೋನ್ ಕಳೆದರೆ ಅದೇ ಇಬ್ಬರು ಕೀ ರದ್ದು ಮಾಡುವ ಸಂದೇಶ ಹೊರಡಿಸಲಿ.

ದರದ ಸಂದೇಶದಲ್ಲಿ ಸಹಿಯ ಜೊತೆ ಸಮಯ, ಏರುವ ಕ್ರಮಸಂಖ್ಯೆ ಎರಡೂ ಇರಬೇಕು. ಇಲ್ಲದಿದ್ದರೆ ಹೋದ ವಾರದ ಸಾಚಾ ಸಂದೇಶವನ್ನೇ ಇಂದು ಮತ್ತೆ ತೇಲಿಬಿಡುತ್ತಾರೆ, ಸಹಿ ತಾಳೆಯಾಗುತ್ತದೆ. ಅದೇ ಕೀಯ ಹಿಂದಿನ ಸಂಖ್ಯೆಗಿಂತ ಕಡಿಮೆ ಅಥವಾ ಸಮ ಇದ್ದರೆ ತಳ್ಳಿಹಾಕಿ. ಇನ್ನು ಒಂದು ಫೋನಿನ ಸುತ್ತಲಿನ ಸಂಪರ್ಕಗಳೆಲ್ಲ ಒಬ್ಬನವೇ ಆದರೆ ಅವನು ತೋರಿಸಿದಷ್ಟೇ ಜಗತ್ತು. ಬಿಟ್‌ಕಾಯಿನ್ ನೆಟ್‌ವರ್ಕಿನ ಸಾಫ್ಟ್‌ವೇರಾದ ಬಿಟ್‌ಕಾಯಿನ್ ಕೋರ್ ತಾನಾಗಿ ಹೊರಗೆ ಮಾಡುವ ಸಂಪರ್ಕಗಳನ್ನು ಐಪಿಯ ಮೊದಲ 16 ಬಿಟ್ ಬೇರೆ ಬೇರೆ ಇರುವಂತೆ ಆರಿಸುವುದು ಇದಕ್ಕೇ.

ಮೊಬೈಲ್ ನೆಟ್‌ವರ್ಕಿನಲ್ಲಿ ಹಲವು ಫೋನುಗಳು ಒಂದೇ ಐಪಿ ಹಿಂದೆ ಇರುವುದುಂಟು. ಆಗ ನೇರ ಸಂಪರ್ಕ ಕೂಡದೆ ಟರ್ನ್ ರಿಲೇ (ನಡುವೆ ನಿಂತು ಸಂದೇಶ ದಾಟಿಸುವ ಸರ್ವರ್) ಬೇಕಾಗಬಹುದು. ಸಂದೇಶ ಎರಡೂ ತುದಿಗೆ ಎನ್‌ಕ್ರಿಪ್ಟ್ ಆಗಿದ್ದರೆ ರಿಲೇಗೆ ಒಳಗಿನ ಮಾತು ಕಾಣದು. ಯಾರು ಯಾರೊಂದಿಗೆ ಯಾವಾಗ ಮಾತಾಡಿದರು ಎಂಬುದು ಕಾಣುತ್ತದೆ, ಇದನ್ನು ಬಳಕೆದಾರರಿಗೆ ಮೊದಲೇ ಹೇಳಿಬಿಡಿ.

ಪ್ರಶ್ನೆ: ನಮ್ಮ ಯುಡಿಪಿ (ಮೊದಲು ಸಂಪರ್ಕ ಜೋಡಿಸದೆ ನೇರ ಪ್ಯಾಕೆಟ್ ಕಳಿಸುವ ವಿಧಾನ) ಪ್ರೋಗ್ರಾಂ "ಬೇರೆಯವರ ಮೇಲೆ ದಾಳಿ ಮಾಡುತ್ತಿದೆ" ಎಂದು ನೆಟ್‌ವರ್ಕ್ ನೋಡಿಕೊಳ್ಳುವವರು ಪೋರ್ಟ್ ಮುಚ್ಚಿದ್ದಾರೆ. ನಾವು ಯಾರಿಗೂ ಏನೂ ಮಾಡಿಲ್ಲ.
— ಓದುಗರು, ಧಾರವಾಡ

ಉತ್ತರ: ನೀವು ಮಾಡಿರಲಿಕ್ಕಿಲ್ಲ, ನಿಮ್ಮ ಪ್ರೋಗ್ರಾಂ ಮಾಡಿರಬಹುದು. ಯುಡಿಪಿಯಲ್ಲಿ ಕಳಿಸಿದವರ ವಿಳಾಸವನ್ನು ಸುಳ್ಳು ಬರೆಯಬಹುದು. 50 ಬೈಟಿನ ಪ್ರಶ್ನೆಗೆ 5,000 ಬೈಟಿನ ಪೀರ್ ಪಟ್ಟಿ (ಸಂಪರ್ಕದಲ್ಲಿರುವ ಯಂತ್ರಗಳ ಪಟ್ಟಿ) ಕಳಿಸುವ ಪ್ರೋಗ್ರಾಂ ಕಿಡಿಗೇಡಿಗೆ ಸಿಕ್ಕರೆ, ಆ ನೂರು ಪಟ್ಟು ಹೊರೆ ಹೋಗಿ ಬೀಳುವುದು ಅವನು ಯಾರ ವಿಳಾಸ ಬರೆದನೋ ಆ ಮೂರನೆಯವರ ಮೇಲೆ. ವಿಳಾಸ ಖರೆ ಎಂದು ಗೊತ್ತಾಗುವ ತನಕ ಬಂದದ್ದರ ಮೂರು ಪಟ್ಟಿಗಿಂತ ಹೆಚ್ಚು ಕಳಿಸಬೇಡಿ, ಯುಡಿಪಿ ಮೇಲೆಯೇ ನಡೆಯುವ ಕ್ವಿಕ್ ಪ್ರೋಟೊಕಾಲ್ ಇಟ್ಟುಕೊಂಡಿರುವ ಮಿತಿಯೂ ಇದೇ. ಖಾತ್ರಿ ಮಾಡಲು, ಕೇಳಿದವರ ಐಪಿ ಮತ್ತು ನಿಮ್ಮೊಬ್ಬರಿಗೇ ಗೊತ್ತಿರುವ ಗುಪ್ತ ಸಂಖ್ಯೆ ಸೇರಿಸಿ ಹ್ಯಾಶ್ ಮಾಡಿದ ಟೋಕನ್ ಕಳಿಸಿ. ಅದನ್ನು ಮರಳಿಸಿದವರಿಗೆ ಮಾತ್ರ ಪಟ್ಟಿ ಕೊಡಿ. ಗುಪ್ತ ಸಂಖ್ಯೆಯನ್ನು 5 ನಿಮಿಷಕ್ಕೊಮ್ಮೆ ಬದಲಿಸಿ, ಹಿಂದಿನದನ್ನೂ 10 ನಿಮಿಷದವರೆಗೆ ಒಪ್ಪಿಕೊಳ್ಳಿ. ಇಷ್ಟು ತಿದ್ದಿ, ಹೊರಹೋಗುವ ಪ್ಯಾಕೆಟ್‌ಗಳ ಅಳತೆ ಒಂದು ದಿನ ದಾಖಲಿಸಿ ತೋರಿಸಿದ ಮೇಲೆ ಪೋರ್ಟ್ ತೆರೆಯಿರಿ ಎಂದು ಕೇಳಿ.