ಕುದಿಯುವ ನೀರಿಗೆ ಉರಿ ಏರಿಸಬೇಡಿ

ಮಳೆ ಹಿಡಿಯಿತೆಂದರೆ ನನಗೆ ಬರುವ ಪತ್ರಗಳೆಲ್ಲ ಒಲೆಯ ಸುತ್ತಲೇ ಸುತ್ತುತ್ತವೆ. ಅದೇ ಪ್ರಶ್ನೆ, ಅದೇ ತಪ್ಪು ಕಲ್ಪನೆ. ಪಿಯುಸಿ ಮಕ್ಕಳಿಗೆ ಮೂವತ್ತು ವರ್ಷ ಭೌತವಿಜ್ಞಾನ ಹೇಳಿಕೊಟ್ಟವನಿಗೆ ಇದನ್ನು ನೋಡಿ ಸಂಕಟವಾಗುತ್ತದೆ, ಸಿಟ್ಟೂ ಬರುತ್ತದೆ. ಈ ಸಲ ಒಂದಕ್ಕಾದರೂ ಪೂರ್ತಿ ಉತ್ತರ ಬರೆದುಬಿಡುತ್ತೇನೆ. ಘನ, ದ್ರವ, ಅನಿಲಗಳ ವ್ಯಾಖ್ಯೆ ಕೇಳಿದವರು ಮಕ್ಕಳ ಪಠ್ಯಪುಸ್ತಕ ತೆರೆದು ನೋಡಲಿ.

ಪ್ರಶ್ನೆ: ಮಂಗಳೂರಿನಲ್ಲಿ ತೆರೆದ ಪಾತ್ರೆಯಲ್ಲೇ ತೊಗರಿಬೇಳೆ ಬೇಯುತ್ತಿತ್ತು. ಮಡಿಕೇರಿಗೆ ಬಂದ ಮೇಲೆ ನೀರು ಕೊತಕೊತ ಕುದಿಯುತ್ತಿದ್ದರೂ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ಉರಿ ಪೂರ್ತಿ ಏರಿಸಿದರೂ ಅಷ್ಟೇ. ಚಳಿಗೆ ಶಾಖ ಸಾಲುತ್ತಿಲ್ಲವೇ? ಉಪ್ಪು ಹಾಕಿ ಕುದಿಸಿದರೆ ಬೇಗ ಬೇಯುತ್ತದೆ ಎನ್ನುತ್ತಾರೆ, ನಿಜವೇ? (ಗೃಹಿಣಿ, ಮಡಿಕೇರಿ)

ಉತ್ತರ: ಮೊದಲು ಉರಿ ಇಳಿಸಿ, ತಾಯಿ. ನೀವು ಸುಡುತ್ತಿರುವ ಗ್ಯಾಸ್ ಬೇಳೆಗೆ ಮುಟ್ಟುತ್ತಲೇ ಇಲ್ಲ.

ನೀರಿನ ಅಣುಗಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ತಣ್ಣಗಿನ ಕೊಡದಲ್ಲೂ ಅವುಗಳ ಸರಾಸರಿ ವೇಗ ಸೆಕೆಂಡಿಗೆ ಸುಮಾರು 600 ಮೀಟರ್. ಹಾಗಿದ್ದರೂ ಎಲ್ಲಿಗೂ ಹೋಗಲಾರವು. ದಸರಾ ದಶಮಂಟಪಗಳ ರಾತ್ರಿ ಮಡಿಕೇರಿ ಪೇಟೆಯಲ್ಲಿ ನಿಂತವರಿಗೆ ಇದು ಅರ್ಥವಾಗುತ್ತದೆ: ಕಾಲು ಆಡುತ್ತಲೇ ಇರುತ್ತದೆ, ನಾಲ್ಕೂ ಕಡೆಯ ನೂಕಾಟದಲ್ಲಿ ನಿಂತ ಜಾಗ ಮಾತ್ರ ಅಷ್ಟಾಗಿ ಬದಲಾಗುವುದಿಲ್ಲ. ಕಾಯಿಸಿದಾಗ ಈ ಓಡಾಟ ಹೆಚ್ಚುತ್ತದೆ. ಎಷ್ಟು ಹೆಚ್ಚುತ್ತದೆ ಎಂದು ಕೇಳಿದರೆ ಎಲ್ಲರೂ ಹತ್ತು ಪಟ್ಟು, ನೂರು ಪಟ್ಟು ಎನ್ನುತ್ತಾರೆ. 20 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಿದರೂ ವೇಗ ಏರುವುದು ಶೇ 12ರಷ್ಟು ಮಾತ್ರ. ಅಷ್ಟರಲ್ಲೇ ಅಕ್ಕಿ ಅನ್ನವಾಗುತ್ತದೆ, ಕೈ ಬೆಂದುಹೋಗುತ್ತದೆ. ಇಷ್ಟು ವರ್ಷಗಳಾದರೂ ನನಗೆ ಈ ಲೆಕ್ಕದ ಬೆರಗು ತೀರಿಲ್ಲ.

ಇನ್ನು ಕುದಿತ. ಪಾತ್ರೆಯ ತಳದಲ್ಲಿ ಆವಿಯ ಗುಳ್ಳೆ ಏಳಬೇಕಾದರೆ ಅದು ಮೇಲಿನ ಗಾಳಿಯ ಒತ್ತಡವನ್ನು ತಳ್ಳಿ ನಿಲ್ಲಬೇಕು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ 12ರಷ್ಟು ಕಡಿಮೆ. ಹಾಗಾಗಿ 96 ಡಿಗ್ರಿಯಲ್ಲೇ ಗುಳ್ಳೆ ಗೆದ್ದುಬಿಡುತ್ತದೆ. ತಡಿಯಂಡಮೋಳ್ ಬೆಟ್ಟದ ತುದಿಯಲ್ಲಾದರೆ 94 ಡಿಗ್ರಿಗೇ ಕುದಿಯುತ್ತದೆ. ಹೀಗಾಗುವುದು ಎತ್ತರದಿಂದ, ಚಳಿಯಿಂದಲ್ಲ. ಏಪ್ರಿಲ್ ಬಿಸಿಲಿನಲ್ಲೂ ನಿಮ್ಮ ಪಾತ್ರೆಯ ಲೆಕ್ಕ ಇದೇ.

ಕುದಿಯಲು ತೊಡಗಿದ ಮೇಲೆ ನೀವು ಕೊಡುವ ಶಾಖ ಅಣುಗಳ ವೇಗವನ್ನು ಏರಿಸುವುದಿಲ್ಲ. ಒಂದನ್ನೊಂದು ಹಿಡಿದುಕೊಂಡಿರುವ ಅಣುಗಳನ್ನು ಬಿಡಿಸಿ ಆವಿಯಾಗಿ ಹೊರಗೆ ಕಳಿಸುವುದಕ್ಕೇ ಅದು ಖರ್ಚಾಗುತ್ತದೆ. ಈ ಖರ್ಚು ಸಣ್ಣದಲ್ಲ. ಒಂದು ಕಿಲೋ ನೀರನ್ನು 20ರಿಂದ 96 ಡಿಗ್ರಿಗೆ ತರಲು ಸುಮಾರು 320 ಕಿಲೋಜೂಲ್ ಸಾಕು. ಅದೇ ನೀರನ್ನು ಪೂರ್ತಿ ಆವಿ ಮಾಡಲು ಅದರ ಏಳು ಪಟ್ಟು ಬೇಕು. ಉರಿ ಏರಿಸಿದರೆ ಹಬೆ ಹೆಚ್ಚುತ್ತದೆ, ಅಡುಗೆಮನೆಯ ಗೋಡೆ ಒದ್ದೆಯಾಗುತ್ತದೆ. ನೀರು ಮಾತ್ರ ಅದೇ 96 ಡಿಗ್ರಿ. ಬಿಸಿ ಹತ್ತು ಡಿಗ್ರಿ ಕಡಿಮೆಯಾದರೆ ಬೇಯುವ ವೇಗ ಅರ್ಧದಷ್ಟು ಇಳಿಯುತ್ತದೆ ಎಂಬುದು ಒರಟು ಲೆಕ್ಕ. ಮಂಗಳೂರಿನ 100 ಡಿಗ್ರಿಗಿಂತ ಇಲ್ಲಿ ಕಡಿಮೆಯಾದ ನಾಲ್ಕು ಡಿಗ್ರಿಗೆ ಕಾಲುಭಾಗ ಹೋಯಿತೆಂದುಕೊಳ್ಳಿ. ಬೇಳೆ ಹಳೆಯದಾಗಿದ್ದರೆ ಇನ್ನೂ ಕಷ್ಟ.

ಇದಕ್ಕೆ ಮದ್ದು ಕುಕ್ಕರ್ ಒಂದೇ. ಅದು ಹಬೆಯನ್ನು ಕಟ್ಟಿಹಾಕಿ ಒತ್ತಡ ಏರಿಸುತ್ತದೆ, ಗುಳ್ಳೆ ಏಳುವುದು ತಡವಾಗುತ್ತದೆ, ಅಷ್ಟರಲ್ಲಿ ನೀರು ನಮ್ಮ ಊರಿನಲ್ಲೂ ಸುಮಾರು 118 ಡಿಗ್ರಿ ಮುಟ್ಟುತ್ತದೆ. ಒಂದು ಕೂಗು ಬಂದೊಡನೆ ಉರಿ ಸಣ್ಣ ಮಾಡಿ. ಕೂಗಿತೆಂದರೆ ಒತ್ತಡ ಮಿತಿ ಮುಟ್ಟಿತೆಂದು ಅರ್ಥ. ಆಮೇಲೆ ದೊಡ್ಡ ಉರಿ ಇಟ್ಟರೆ ಹಬೆ ಹೊರಗೆ ಹೋಗುತ್ತದೆ, ಅಷ್ಟೇ. ಉಪ್ಪಿನ ಮಾತನ್ನು ಬಿಟ್ಟುಬಿಡಿ: ಲೀಟರ್ ನೀರಿಗೆ ಒಂದು ಚಮಚ ಹಾಕಿದರೆ ಕುದಿಯುವ ಬಿಂದು ಡಿಗ್ರಿಯ ಹತ್ತರಲ್ಲಿ ಒಂದು ಭಾಗವೂ ಏರುವುದಿಲ್ಲ.

ಹಾಗಾದರೆ ಅದೇ 96 ಡಿಗ್ರಿಯ ಹಬೆಯಲ್ಲಿ ಅಕ್ಕಿಯ ಉಂಡೆ ಕಡಂಬುಟ್ಟು ಅಷ್ಟು ಚೆನ್ನಾಗಿ ಬೇಯುವುದು ಹೇಗೆ ಎಂದು ಕೇಳುತ್ತೀರಿ. ಬಿಡುಗಡೆಗೆಂದು ಆವಿಯ ಅಣು ಪಡೆದುಕೊಂಡಿದ್ದ ಶಾಖವನ್ನೆಲ್ಲ ಅದು ಉಂಡೆಯ ಮೇಲೆ ನೀರಾಗುವಾಗ ಅಲ್ಲೇ ಬಿಟ್ಟುಕೊಡುತ್ತದೆ. ಕೈಯ ಮೇಲೆ ನೀರಾದರೆ ಕೈಗೂ ಅಷ್ಟನ್ನೇ ಕೊಡುತ್ತದೆ. ಕಡಂಬುಟ್ಟಿನ ಪಾತ್ರೆಯ ಮುಚ್ಚಳ ತೆಗೆಯುವಾಗ ಸುಟ್ಟ ಗುರುತು ನನ್ನ ಅವ್ವನ ಮುಂಗೈಯಲ್ಲಿ ಕೊನೆಯವರೆಗೂ ಇತ್ತು. ಮುಚ್ಚಳವನ್ನು ನಿಮ್ಮಿಂದ ಆಚೆಗೆ ವಾಲಿಸಿ ತೆರೆಯಿರಿ, ಮಕ್ಕಳನ್ನು ದೂರ ನಿಲ್ಲಿಸಿ.

ಪ್ರಶ್ನೆ: ಬೇಸಿಗೆಯಲ್ಲಿ ಗೇಟು ಬಿಗಿಯಾಗುತ್ತದೆ. ಬಿಸಿಗೆ ಕಬ್ಬಿಣದ ಪರಮಾಣುಗಳು ಊದಿಕೊಳ್ಳುತ್ತವೆ ಎಂದು ಮಗನಿಗೆ ಟ್ಯೂಷನ್‌ನಲ್ಲಿ ಹೇಳಿದ್ದಾರೆ. (ಕುಶಾಲನಗರ)

ಉತ್ತರ: ತಪ್ಪು ಹೇಳಿದ್ದಾರೆ. ಪರಮಾಣು ಅಷ್ಟೇ ಇರುತ್ತದೆ. ಇದ್ದಲ್ಲೇ ನಡುಗುವ ಅದರ ನಡುಕ ಜೋರಾಗಿ ನಡುವಿನ ಅಂತರ ಹೆಚ್ಚುತ್ತದೆ. ನಾಲ್ಕು ಮೀಟರ್ ಗೇಟು ಇದ್ದದ್ದಕ್ಕಿಂತ 30 ಡಿಗ್ರಿ ಹೆಚ್ಚು ಬಿಸಿಯಾದರೆ ಒಂದೂವರೆ ಮಿಲಿಮೀಟರ್ ಹಿಗ್ಗುತ್ತದೆ.

ಪ್ರಶ್ನೆ: ಗ್ಯಾಸ್ ಪೈಪಿಗೆ ಅಯಸ್ಕಾಂತ ಕಟ್ಟಿದರೆ ಅನಿಲದ ಅಣುಗಳು ಒಡೆದು ಉರಿ ಹೆಚ್ಚುತ್ತದೆ ಎಂದು ಮಾರಲು ಬಂದಿದ್ದರು. ಕೊಳ್ಳಬಹುದೇ? (ಗೋಣಿಕೊಪ್ಪ)

ಉತ್ತರ: ಮೋಸ. ಬಾಗಿಲಿನಿಂದಲೇ ಕಳಿಸಿ.

ಪ್ರಶ್ನೆ: ಕಾಫಿ ಹಣ್ಣಿನ ನೀರು ಹೋಗಲು 100 ಡಿಗ್ರಿ ಬೇಡವೇ? ಒಣಗಿಸುವ ಕಣದ ಬಿಸಿಲು ಸಾಕಾಗುವುದು ಹೇಗೆ? (ಸುಂಟಿಕೊಪ್ಪ)

ಉತ್ತರ: ಎಲ್ಲ ಅಣುಗಳ ವೇಗ ಒಂದೇ ಅಲ್ಲ. ಯಾವ ಬಿಸಿಯಲ್ಲೂ ಅತಿ ವೇಗದವು ಮೇಲ್ಮೈಯಿಂದ ಹಾರಿಹೋಗುತ್ತಲೇ ಇರುತ್ತವೆ, ಗಾಳಿ ಅವನ್ನು ಮರಳಲು ಬಿಡದೆ ಒಯ್ಯುತ್ತದೆ. ಅದಕ್ಕೇ ತೆಳುವಾಗಿ ಹರವಿ ದಿನಕ್ಕೆ ಹಲವು ಸಲ ಕೈಯಾಡಿಸಬೇಕು, ಸಂಜೆ ಇಬ್ಬನಿ ಬೀಳುವ ಮೊದಲು ಮುಚ್ಚಬೇಕು. ಬಿಸಿಲಿದ್ದರೂ ದಪ್ಪ ರಾಶಿ ಹಾಕಿದವರ ಕಾಫಿ ಬೂಸಲು ಹಿಡಿಯುತ್ತದೆ.

ಪ್ರಶ್ನೆ: ಜುಲೈ ಚಳಿಯಲ್ಲಿ ಸಿಲಿಂಡರ್ ತಣ್ಣಗಾಗಿ ಉರಿ ಸಣ್ಣದಾಗುತ್ತದೆ. ಬಿಸಿನೀರಿನ ಬಾಂಡಲಿಯಲ್ಲಿ ಇಡುತ್ತೇವೆ, ಒಮ್ಮೊಮ್ಮೆ ಮಲಗಿಸುತ್ತೇವೆ. ತೊಂದರೆಯೇನೂ ಆಗಿಲ್ಲ. (ನಾಪೋಕ್ಲು)

ಉತ್ತರ: ಇಂದೇ ನಿಲ್ಲಿಸಿ. ಕಾಫಿ ಕಣದಲ್ಲಿ ಆಗುವುದೇ ಸಿಲಿಂಡರಿನೊಳಗೂ ಆಗುತ್ತದೆ: ವೇಗದ ಅಣುಗಳು ಅನಿಲವಾಗಿ ಹೊರಟಾಗ ನಿಧಾನದವು ದ್ರವದಲ್ಲಿ ಉಳಿದು ಅದು ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ. ಬಿಸಿನೀರಿಗೆ ಇಟ್ಟರೆ ಒತ್ತಡ ಒಮ್ಮೆಲೇ ಏರುತ್ತದೆ, ದ್ರವವೂ ಹಿಗ್ಗುತ್ತದೆ. ಹಿಗ್ಗಲು ಜಾಗವಿರಲೆಂದೇ ಅದನ್ನು ಪೂರ್ತಿ ತುಂಬಿಸುವುದಿಲ್ಲ. ಮಲಗಿಸಿದರೆ ಅನಿಲದ ಬದಲು ದ್ರವವೇ ಪೈಪಿಗೆ ಹರಿಯುತ್ತದೆ. ಒಂದು ಪಾಲು ದ್ರವ ಹೊರಬಂದರೆ ಇನ್ನೂರಕ್ಕೂ ಹೆಚ್ಚು ಪಾಲು ಅನಿಲವಾಗಿ ಅಡುಗೆಮನೆ ತುಂಬುತ್ತದೆ. ಸಿಲಿಂಡರನ್ನು ನೆಟ್ಟಗೆ, ಗಾಳಿಯಾಡುವ ಜಾಗದಲ್ಲಿಡಿ. ಒಂದು ಒಲೆಯಷ್ಟೇ ಹಚ್ಚಿದರೆ ಅದು ಅಷ್ಟು ಬೇಗ ತಣ್ಣಗಾಗುವುದಿಲ್ಲ. ಆಗಲೂ ಉರಿ ಸಾಲದಿದ್ದರೆ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಬಂದು ನೋಡಲಿ, ನೀವು ಕೈ ಹಾಕಬೇಡಿ.