ರಜೆ ಹಾಕಿ ಬಂದುಬಿಡಲಾ?

ಪ್ರಶ್ನೆ: ನನಗೆ 29 ವರ್ಷ. ದುಬೈನ ಟ್ರೇಡಿಂಗ್ ಕಂಪನಿಯೊಂದರಲ್ಲಿ ಅಕೌಂಟೆಂಟ್. ಎರಡು ವರ್ಷದ ಕಾಂಟ್ರ್ಯಾಕ್ಟ್, ಈಗ 14 ತಿಂಗಳಾಗಿದೆ. ಕೆಲಸ ಕಷ್ಟ ಅಂತೇನಲ್ಲ, ಆದರೆ ಮನಸ್ಸು ನಿಲ್ಲುತ್ತಿಲ್ಲ. ಊರಿಗೆ ವಾಪಸ್ ಹೋಗೋದು ಖಚಿತ. ಆದರೆ ನಮ್ಮ ಮ್ಯಾನೇಜರ್ ತುಂಬಾ ಒಳ್ಳೆಯವರು. ಬಂದ ಹೊಸದರಲ್ಲಿ ಜ್ವರ ಬಂದು ಮಲಗಿದ್ದಾಗ ಮಧ್ಯರಾತ್ರಿ ಅವರೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದಿದ್ದರು. ಅವರ ಮುಂದೆ ನಿಂತು ಹೇಳೋಕೆ ಬಾಯಿ ಬರುತ್ತಿಲ್ಲ. 'ವಾರ್ಷಿಕ ರಜೆ ಹಾಕಿ ಹೋಗು, ಅಲ್ಲಿಂದ ಅಮ್ಮನಿಗೆ ಹುಷಾರಿಲ್ಲ ಅಂತ ಮೇಲ್ ಮಾಡು. ಇಲ್ಲೇ ಹೇಳಿದರೆ ವೀಸಾ ಖರ್ಚು ಕಟ್ಟಿಸಿಕೊಳ್ಳುತ್ತಾರೆ' ಅನ್ನುತ್ತಾನೆ ರೂಮ್‌ಮೇಟ್. ಏನು ಮಾಡಲಿ?

ಉತ್ತರ: ರೂಮ್‌ಮೇಟ್ ಹೇಳಿದ್ದು ಗಲ್ಫ್‌ನಲ್ಲಿ ಹಳೇ ಉಪಾಯ. ರಜೆಗೆ ಹೊರಟವನ ಸೂಟ್‌ಕೇಸ್ ಸ್ವಲ್ಪ ಜಾಸ್ತಿ ಭಾರ ಇರುತ್ತದೆ, ಅಷ್ಟೇ. ರಜೆ ಮುಗಿದ ಸೋಮವಾರ ಏನಾಗುತ್ತದೆ, ಸುಮ್ನೆ ಯೋಚಿಸಿ. ನಿಮ್ಮ ಕುರ್ಚಿ ಖಾಲಿ. ಮ್ಯಾನೇಜರ್ 'ಫ್ಲೈಟ್ ಲೇಟಾಯ್ತಾ?' ಅಂತ ವಾಟ್ಸ್ಆ್ಯಪ್ ಮಾಡುತ್ತಾರೆ. ಮಧ್ಯಾಹ್ನ ನಿಮ್ಮ ಮೇಲ್ ಬರುತ್ತದೆ. ಕೆಟ್ಟ ಮನುಷ್ಯ ಆಗಿದ್ದರೆ ಬೈದು ಮರೆತುಬಿಡುತ್ತಿದ್ದ. ಇವರು ಒಳ್ಳೆಯವರು ಅಲ್ವಾ, ಮುಂದಿನ ವಾರ 'ಅಮ್ಮ ಹೇಗಿದ್ದಾರೆ?' ಅಂತ ಕೇಳುತ್ತಾರೆ. ಹಬ್ಬಕ್ಕೆ ಇನ್ನೊಮ್ಮೆ ಕೇಳುತ್ತಾರೆ. ಪ್ರತಿ ಸಲ ಗಟ್ಟಿಮುಟ್ಟಾಗಿರೋ ಅಮ್ಮನನ್ನು ಹಾಸಿಗೆಯಲ್ಲಿ ಮಲಗಿಸುತ್ತೀರಾ?

ಕಾನೂನಿನ ಲೆಕ್ಕದಲ್ಲೂ ಇದು ದಡ್ಡತನ. ಯುಎಇಯಲ್ಲಿ 2022ರ ಫೆಬ್ರವರಿಯಿಂದ ಹೊಸ ಕಾರ್ಮಿಕ ಕಾನೂನು ಜಾರಿಯಲ್ಲಿದೆ. ಒಪ್ಪುವಂಥ ಕಾರಣವಿಲ್ಲದೆ ಸತತ 7 ದಿನಕ್ಕಿಂತ ಹೆಚ್ಚು ಗೈರಾದರೆ ನೋಟಿಸ್ ಇಲ್ಲದೆ ತೆಗೆದುಹಾಕಬಹುದು. ಕಾಂಟ್ರ್ಯಾಕ್ಟ್ ಮಧ್ಯೆ ಹೀಗೆ ನಾಪತ್ತೆಯಾದವರಿಗೆ ಒಂದು ವರ್ಷ ಅಲ್ಲಿ ಹೊಸ ವರ್ಕ್ ಪರ್ಮಿಟ್ ಸಿಗೋದಿಲ್ಲ. ಅದೇ ಲಿಖಿತ ನೋಟಿಸ್ ಕೊಟ್ಟರೆ ಎರಡು ವರ್ಷ ತುಂಬುವ ಮೊದಲೇ ಮರ್ಯಾದೆಯಾಗಿ ಬಿಡಬಹುದು. ನೋಟಿಸ್ 30ರಿಂದ 90 ದಿನ, ನಿಮ್ಮದೆಷ್ಟು ಅಂತ ಕಾಂಟ್ರ್ಯಾಕ್ಟ್‌ನಲ್ಲಿರುತ್ತದೆ. ವೀಸಾ, ನೇಮಕಾತಿ ಖರ್ಚು ಕಂಪನಿಯದ್ದೇ, ನೌಕರನಿಂದ ವಸೂಲಿ ಮಾಡುವಂತಿಲ್ಲ. ಒಂದು ವರ್ಷ ದಾಟಿರೋದರಿಂದ ಗ್ರಾಚ್ಯುಟಿಯೂ ಬರಬೇಕು: ವರ್ಷಕ್ಕೆ 21 ದಿನದ ಮೂಲ ವೇತನ. ನೀವಾಗಿಯೇ ಬಿಟ್ಟಿರಿ ಅಂತ ಈಗ ಅದನ್ನು ಕಡಿತ ಮಾಡುವ ಹಾಗಿಲ್ಲ. (ಕಂಪನಿ ಡಿಐಎಫ್‌ಸಿ, ಅಂದರೆ ದುಬೈನ ಹಣಕಾಸು ಮುಕ್ತ ವಲಯದ ಒಳಗಿದ್ದರೆ ಅಲ್ಲಿನ ಕಾನೂನೇ ಬೇರೆ, ನೋಡಿಕೊಳ್ಳಿ.)

ಇನ್ನು ಹೇಳೋದು ಹೇಗೆ. ಮೊದಲು ಬಾಯಲ್ಲಿ, ಆಮೇಲೆ ಕಾಗದದಲ್ಲಿ. ಎಚ್‌ಆರ್‌ನಿಂದ ಸುದ್ದಿ ತಿಳಿದರೆ ಅವರಿಗೆ ನೋವಾಗುತ್ತದೆ. ಹತ್ತು ನಿಮಿಷ ಕೇಳಿ, ಬಾಗಿಲು ಹಾಕಿ, ಮೊದಲ ವಾಕ್ಯದಲ್ಲೇ ಹೇಳಿಬಿಡಿ: 'ಸರ್, ನಾನು ಊರಿಗೆ ವಾಪಸ್ ಹೋಗಲು ನಿರ್ಧರಿಸಿದ್ದೇನೆ.' ಸಂಬಳ, ಸೆಕೆ, ಸಹೋದ್ಯೋಗಿ ಅಂತ ಕಾರಣಗಳ ಪಟ್ಟಿ ಬೇಡ. ಪಟ್ಟಿ ಕೊಟ್ಟರೆ ಅವರು ಒಂದೊಂದನ್ನೇ ಸರಿಮಾಡಲು ಕೂರುತ್ತಾರೆ, ನೀವು ದಾಕ್ಷಿಣ್ಯಕ್ಕೆ ಸಿಕ್ಕಿಹಾಕಿಕೊಳ್ಳುತ್ತೀರಿ. 'ಇಲ್ಲಿ ಮನಸ್ಸು ನಿಲ್ಲುತ್ತಿಲ್ಲ' ಅನ್ನೋದು ನಿಜ, ಅದು ಸಾಕು. ಅವರು ಬೇಜಾರಾಗಬಹುದು, ಒಂದೆರಡು ದಿನ ಮುಖ ಬಿಗಿದುಕೊಂಡೂ ಇರಬಹುದು. ಇರಲಿ ಬಿಡಿ, ಆ ಹಕ್ಕು ಅವರಿಗಿದೆ.

ಆ ಬೇಜಾರು ಕಮ್ಮಿ ಮಾಡೋದು ನೀವು ಬಿಟ್ಟು ಹೋಗೋ ಟೇಬಲ್. ಕೊನೆಯ ದಿನವನ್ನು ವ್ಯಾಟ್ ರಿಟರ್ನ್ ನೋಡಿ ಇಟ್ಟುಕೊಳ್ಳಿ. ತೆರಿಗೆ ಅವಧಿ ಮುಗಿದ 28 ದಿನದೊಳಗೆ ಅದು ಸಲ್ಲಿಕೆಯಾಗಬೇಕು ಅನ್ನೋದು ನಿಮಗೇ ಗೊತ್ತು. ಅದರ ಮಧ್ಯೆ ಕೈಬಿಟ್ಟು ಹೋದರೆ ಎಷ್ಟು ಕ್ಷಮೆ ಕೇಳಿದರೂ ಉಪಯೋಗವಿಲ್ಲ. ಯಾವ ಸಪ್ಲೈಯರ್ ಇನ್‌ವಾಯ್ಸ್ ಸದಾ ತಪ್ಪು ಬರುತ್ತದೆ, ಯಾವ ಗಿರಾಕಿಗೆ ಎರಡು ಸಲ ಫೋನ್ ಮಾಡದೆ ಚೆಕ್ ಬರಲ್ಲ, ಇಂಥವು ಸಾಫ್ಟ್‌ವೇರ್‌ನಲ್ಲಿ ಇರಲ್ಲ, ನಿಮ್ಮ ತಲೆಯಲ್ಲಿರುತ್ತವೆ. ಬರೆದಿಡಿ. ನಿಮ್ಮ ನಂತರ ಬರುವ ಹುಡುಗ ಅದನ್ನು ನೋಡಿ ಮ್ಯಾನೇಜರ್ ಹತ್ತಿರ ಒಂದು ಪ್ರಶ್ನೆ ಕಮ್ಮಿ ಕೇಳಿದರೂ ನೀವು ಗೆದ್ದಂತೆ.

ದಾಕ್ಷಿಣ್ಯಕ್ಕೆ ದುಡ್ಡು ಮಾತ್ರ ಬಿಡಬೇಡಿ. ಲೆಕ್ಕ ಚುಕ್ತಾ ಆಗೋಕೆ ಕಾನೂನು ಕೊಟ್ಟಿರೋದು 14 ದಿನ. ವೀಸಾ ರದ್ದತಿ ಫಾರಂನಲ್ಲಿ 'ನನಗೆ ಬರಬೇಕಾದ್ದೆಲ್ಲ ಬಂದಿದೆ' ಅಂತ ಬರೆದಿರುತ್ತದೆ. ಬಂದ ಮೇಲೇ ಸಹಿ ಹಾಕಿ. ಕ್ರೆಡಿಟ್ ಕಾರ್ಡ್ ಬಾಕಿ ತೀರಿಸಿ, ಬ್ಯಾಂಕಿನಿಂದ ಪತ್ರ ತಗೊಳ್ಳಿ. ಅನುಭವ ಪತ್ರ ಕೇಳಿ ಪಡೆಯಿರಿ.

ಆ ಜ್ವರದ ರಾತ್ರಿ ಇನ್ನೂ ನೆನಪಿದೆ ಅಂತ ಅವರಿಗೆ ಹೇಳಿ. ರಾಜೀನಾಮೆ ಪತ್ರದಲ್ಲಿ ಬರೆಯಬೇಡಿ, ಅದು ಎಚ್‌ಆರ್ ಫೈಲಿಗೆ ಹೋಗುತ್ತದೆ. ಬಾಗಿಲು ಹಾಕಿದ ಆ ಹತ್ತು ನಿಮಿಷದಲ್ಲೇ ಹೇಳಿ.